ದೋಷವು ಯಂತ್ರದ್ದೋ, ತಂತ್ರಾಂಶದ್ದೋ?

ಪ್ರಶ್ನೆ: ಹೊಸ ಲ್ಯಾಪ್‌ಟಾಪು ಪದೇ ಪದೇ ನಿಂತುಬಿಡುತ್ತದೆ. ವಿಂಡೋಸ್ ಮತ್ತೆ ಹಾಕಿಸಲೇ? (ಸಿಂದಗಿಯ ಓದುಗರು)

ಉತ್ತರ: ಅವಸರ ಬೇಡ. ಪೆನ್‌ಡ್ರೈವಿನಲ್ಲಿ ಉಬುಂಟು ಎಂಬ, ವಿಂಡೋಸ್‌ನಂಥದೇ ಬೇರೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಸಿದ್ಧಪಡಿಸಿಕೊಂಡು, ಡಿಸ್ಕನ್ನು ಮುಟ್ಟದೆ, ಅದರಿಂದಲೇ ಯಂತ್ರವನ್ನು ಕೆಲಹೊತ್ತು ನಡೆಸಿ ನೋಡತಕ್ಕದ್ದು. ಅಲ್ಲಿಯೂ ಅದೇ ಸ್ತಂಭನವು ತಲೆದೋರಿದಲ್ಲಿ ದೋಷವು ಬಹುಮಟ್ಟಿಗೆ ಮೆಮೊರಿಯೇ ಮೊದಲಾದ ಅಂಗಗಳಲ್ಲಿರುವುದರಿಂದ, ವಿಂಡೋಸನ್ನು ಪುನಃ ಸ್ಥಾಪಿಸುವುದು ಬತ್ತಿದ ಬಾವಿಗೆ ಮೋಟಾರು ಬದಲಿಸಿದಂತಾದೀತು. ವಾರಂಟಿಯೊಳಗೆ, ರಸೀದಿಸಹಿತ, ಕಂಪನಿಯ ಸೇವಾಕೇಂದ್ರಕ್ಕೆ ಒಯ್ಯುವುದೇ ಯುಕ್ತ.

ಉಬುಂಟು ನಿರಾತಂಕವಾಗಿ ನಡೆದರೆ, ಕಡತಗಳನ್ನು ಬೇರೆಡೆ ಕಾಪಿಟ್ಟು, ಮೈಕ್ರೋಸಾಫ್ಟ್‌ನ ತಾಣದಿಂದಲೇ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ಇಳಿಸಿಕೊಂಡು ಸ್ಥಾಪಿಸಬಹುದು. ಇಂಡಿಯಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ ಯಾರಾದರೂ ವಿಂಡೋಸ್‌ನ ಕೀಲಿಸಂಖ್ಯೆಗೆಂದು (ಪ್ರಾಡಕ್ಟ್ ಕೀ) ಪ್ರತ್ಯೇಕ ಹಣ ಕೇಳಿದರೆ ಕೊಡಬೇಡಿ: ವಿಂಡೋಸ್ ಸಮೇತ ಮಾರಾಟವಾಗುವ ಲ್ಯಾಪ್‌ಟಾಪುಗಳಲ್ಲಿ, 2012ರ ವಿಂಡೋಸ್ 8ರ ಕಾಲದಿಂದ, ಆ ಸಂಖ್ಯೆಯು ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲಿಯೇ ಅಡಕವಾಗಿರುತ್ತದೆ.