ಮನೆಯಲ್ಲೇ ಕಟ್ಟಿದ ಕಾರಿಗೆ ಆರ್‌ಟಿಒ ನಂಬರ್ ಸಿಗುತ್ತದೆಯೇ?

‘ವಿದೇಶದಲ್ಲಿ ಜನ ಕಿಟ್ ತರಿಸಿಕೊಂಡು ಮನೆಯ ಶೆಡ್ಡಿನಲ್ಲೇ ಕಾರು ಕಟ್ಟುತ್ತಾರೆ, ಸರ್ಕಾರವೇ ಅದಕ್ಕೆ ನಂಬರ್ ಕೊಡುತ್ತದೆ. ನಮ್ಮಲ್ಲಿ ಮಾತ್ರ ಪ್ರತಿಭೆಗೆ ಬೆಲೆ ಇಲ್ಲ.’ ಇಂಥ ಸಾಲುಗಳ ಜೊತೆಗೆ ಗುಜರಿ ಸಾಮಾನಿನಿಂದ ಮಾಡಿದ ಕಾರು, ಲ್ಯಾಂಬೋರ್ಗಿನಿಯಂತೆ ಕಾಣುವ ಹಳೆಯ ಮಾರುತಿ, ಹಳ್ಳಿಯ ರಸ್ತೆಯಲ್ಲಿ ಓಡುವ ಪುಟ್ಟ ಜೀಪು, ಹೀಗೆ ಒಂದಲ್ಲ ಒಂದು ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ನೋಡಿದವರಿಗೆ ಹೆಮ್ಮೆ ಅನಿಸುತ್ತದೆ. ಕೆಲವರಿಗೆ ‘ನಾನೂ ಯಾಕೆ ಮಾಡಬಾರದು’ ಎಂದೂ ಅನಿಸುತ್ತದೆ. ಉಳಿತಾಯದ ಹಣವನ್ನು ಇದಕ್ಕೆ ಸುರಿಯುವ ಮುನ್ನ ಸತ್ಯಾಂಶ ತಿಳಿದುಕೊಳ್ಳೋಣ.

ಚುಟುಕಾಗಿ ಹೇಳುವುದಾದರೆ

ಬ್ರಿಟನ್‌ನಲ್ಲಿ ಮನೆಯಲ್ಲಿ ಕಟ್ಟಿದ ಕಾರಿಗೆ ನೋಂದಣಿ ಸಂಖ್ಯೆ ಸಿಗುತ್ತದೆ ಎಂಬುದು ನಿಜ. ಆದರೆ ಕಟ್ಟಿದ ಮಾತ್ರಕ್ಕೆ ಸಿಗುವುದಿಲ್ಲ, ಕಠಿಣ ಪರೀಕ್ಷೆಯಲ್ಲಿ ಪಾಸಾಗಬೇಕು. ಭಾರತದಲ್ಲಿ ಹೀಗೆ ಒಂದೇ ಒಂದು ಕಾರನ್ನು ಪರೀಕ್ಷಿಸಿ ರಸ್ತೆಗೆ ಬಿಡುವ ಪ್ರತ್ಯೇಕ ವ್ಯವಸ್ಥೆ ಇಲ್ಲ. ಹಾಗಾಗಿ ‘ನೀವೂ ಮನೆಯಲ್ಲಿ ಕಾರು ಕಟ್ಟಿ ನಂಬರ್ ಪಡೆಯಿರಿ’ ಎನ್ನುವ ಫಾರ್ವರ್ಡ್ ನಮ್ಮ ದೇಶಕ್ಕೆ ಅನ್ವಯಿಸುವುದಿಲ್ಲ.

ಕಿಟ್ ಕಾರ್ ಎಂದರೇನು?

ಕಂಪನಿಯೊಂದು ಕಾರಿನ ಚಾಸಿ, ಬಾಡಿ, ಸಸ್ಪೆನ್ಷನ್ ಮುಂತಾದ ಭಾಗಗಳನ್ನು ಪೆಟ್ಟಿಗೆಗಳಲ್ಲಿ ಮಾರುತ್ತದೆ. ಕೊಂಡವರು ಅದನ್ನು ಮನೆಯಲ್ಲಿ ಜೋಡಿಸಿಕೊಳ್ಳುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳು ಕೆಲವು ಕಿಟ್‌ಗಳಲ್ಲಿ ಹೊಸದಾಗಿಯೇ ಬರುತ್ತವೆ. ಇನ್ನು ಕೆಲವಕ್ಕೆ ಹಳೆಯ ಕಾರೊಂದನ್ನು ಬಿಚ್ಚಿ ಅದರಿಂದ ತೆಗೆದುಕೊಳ್ಳಬೇಕು. ಹೀಗೆ ಬಿಡಿಭಾಗ ಕೊಡುವ ಹಳೆಯ ಕಾರನ್ನು ‘ಡೋನರ್’, ಅಂದರೆ ದಾನಿ ಕಾರು ಎನ್ನುತ್ತಾರೆ.

ಇದರಲ್ಲಿ ಹೆಸರುವಾಸಿಯಾದದ್ದು ‘ಲೋಟಸ್ ಸೆವೆನ್’. ಕಾಲಿನ್ ಚಾಪ್‌ಮನ್ ಸ್ಥಾಪಿಸಿದ ಲೋಟಸ್ ಕಂಪನಿ 1957ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಎರಡೇ ಸೀಟು, ಹಗುರ ಮೈ, ಬಾಗಿಲು ಎಂಬುದು ಹೆಸರಿಗಷ್ಟೇ. ಆಗ ಬ್ರಿಟನ್‌ನಲ್ಲಿ ಪೂರ್ತಿ ಜೋಡಿಸಿದ ಕಾರಿಗೆ ಖರೀದಿ ತೆರಿಗೆ ಇತ್ತು, ಕಿಟ್ ರೂಪದಲ್ಲಿ ಕೊಂಡರೆ ಆ ತೆರಿಗೆ ತಪ್ಪುತ್ತಿತ್ತು. ಮನೆಯಲ್ಲಿ ಕಾರು ಕಟ್ಟುವ ಹವ್ಯಾಸ ಬೆಳೆಯಲು ದೊಡ್ಡ ಕಾರಣ ಇದೇ. 1973ರಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂತು, ಕಿಟ್‌ನ ತೆರಿಗೆ ಲಾಭವೂ ಹೋಯಿತು. ಅದೇ ವರ್ಷ ಸೆವೆನ್‌ನ ಹಕ್ಕುಗಳನ್ನು ಕೇಟರ್‌ಹ್ಯಾಮ್ ಎಂಬ ಸಂಸ್ಥೆ ಕೊಂಡುಕೊಂಡಿತು. ಅದು ಇಂದಿಗೂ ಈ ಕಾರನ್ನು ಕಿಟ್ ರೂಪದಲ್ಲಿ ಮಾರುತ್ತಿದೆ. ಅಂದರೆ ಈಗ ಕಟ್ಟುವವರು ತೆರಿಗೆ ಉಳಿಸಲು ಕಟ್ಟುತ್ತಿಲ್ಲ, ಕಟ್ಟುವ ಖುಷಿಗಾಗಿ ಕಟ್ಟುತ್ತಾರೆ.

‘ಕಡಿಮೆ ಖರ್ಚಿನಲ್ಲಿ ಕಾರು’ ಎಂಬ ಮಾತಿಗೂ ಒಂದು ಮೂಲವಿದೆ. 1996ರಲ್ಲಿ ರಾನ್ ಚಾಂಪಿಯನ್ ಎಂಬುವರು ಬರೆದ ಪುಸ್ತಕದ ಶೀರ್ಷಿಕೆಯಲ್ಲೇ ಕೇವಲ 250 ಪೌಂಡ್‌ಗೆ ನಿಮ್ಮ ಸ್ಪೋರ್ಟ್ಸ್ ಕಾರನ್ನು ನೀವೇ ಕಟ್ಟಿ ಎಂಬ ಅರ್ಥದ ಮಾತಿತ್ತು. ಹಳೆಯ ಫೋರ್ಡ್ ಎಸ್ಕಾರ್ಟ್‌ನ ಭಾಗಗಳನ್ನು ಬಳಸಿ, ಚಾಸಿಯನ್ನು ಮನೆಯಲ್ಲೇ ವೆಲ್ಡಿಂಗ್ ಮಾಡುವ ವಿಧಾನ ಅದರಲ್ಲಿದೆ. ಅಗ್ಗದ ಕಾರು ಎಂಬ ಅರ್ಥದಲ್ಲಿ ಇಂಥವನ್ನು ಅಲ್ಲಿ ‘ಲೋಕಾಸ್ಟ್’ ಎಂದು ಕರೆಯುತ್ತಾರೆ. ಆದರೆ ಎಷ್ಟೇ ಅಗ್ಗಕ್ಕೆ ಕಟ್ಟಿದರೂ ರಸ್ತೆಗಿಳಿಸಲು ಮುಂದಿನ ಹಂತ ತಪ್ಪುವುದಿಲ್ಲ.

ಬ್ರಿಟನ್‌ನಲ್ಲಿ ನಂಬರ್ ಸಿಗುವುದು ಹೇಗೆ?

ಅಲ್ಲಿ ಐವಿಎ ಎಂಬ ಪರೀಕ್ಷೆ ಇದೆ. ಒಂದೊಂದೇ ವಾಹನಕ್ಕೆ ಪ್ರತ್ಯೇಕವಾಗಿ ಅನುಮೋದನೆ ಕೊಡುವ ವ್ಯವಸ್ಥೆ ಇದು. ಹಿಂದಿದ್ದ ಎಸ್‌ವಿಎ ಪರೀಕ್ಷೆಯ ಬದಲಿಗೆ 2009ರಲ್ಲಿ ಬಂತು. ಕಾರು ಕಟ್ಟಿದವರು ಅರ್ಜಿ ಹಾಕಿ, ಶುಲ್ಕ ಕಟ್ಟಿ, ಸರ್ಕಾರಿ ಪರೀಕ್ಷಾ ಕೇಂದ್ರಕ್ಕೆ ಕಾರು ಒಯ್ಯಬೇಕು. ಪಾಸಾದರೆ ಪ್ರಮಾಣಪತ್ರ. ಫೇಲಾದರೆ ತಪ್ಪುಗಳ ಪಟ್ಟಿ ಕೈಗೆ ಬರುತ್ತದೆ, ಸರಿಪಡಿಸಿ ಮತ್ತೆ ಹೋಗಬೇಕು.

ಪ್ರಮಾಣಪತ್ರ ಬಂದ ಮೇಲೆ ಅಲ್ಲಿನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ಅರ್ಜಿ. ಬಿಡಿಭಾಗಗಳನ್ನು ಎಲ್ಲಿಂದ ತಂದಿರಿ ಎಂಬುದಕ್ಕೆ ರಸೀದಿ, ಫೋಟೋ ಕೊಡಬೇಕು. ಕದ್ದ ಕಾರಿನ ಭಾಗಗಳು ಹೊಸ ನಂಬರಿನಲ್ಲಿ ಓಡಾಡಬಾರದಲ್ಲ! ಕಾರಿನ ವಯಸ್ಸು, ಗುರುತು ಖಚಿತವಾಗದಿದ್ದರೆ ‘ಕ್ಯೂ’ ಅಕ್ಷರದಿಂದ ಶುರುವಾಗುವ ನಂಬರ್ ಕೊಡುತ್ತಾರೆ. ಆ ನಂಬರ್ ನೋಡಿದ ಕೂಡಲೇ ಇದರ ಮೂಲ ಖಚಿತವಿಲ್ಲ ಎಂದು ಮುಂದೆ ಕೊಳ್ಳುವವರಿಗೂ ತಿಳಿಯುತ್ತದೆ.

ಪರೀಕ್ಷೆಯಲ್ಲಿ ಏನು ನೋಡುತ್ತಾರೆ?

ಕಾರು ಓಡುತ್ತದೆಯೇ ಎಂಬುದು ಇಲ್ಲಿ ದೊಡ್ಡ ಪ್ರಶ್ನೆಯೇ ಅಲ್ಲ. ಓಡುವ ಕಾರು ಕಟ್ಟುವುದಕ್ಕಿಂತ ಸರಿಯಾಗಿ ನಿಲ್ಲುವ ಕಾರು ಕಟ್ಟುವುದು ಕಷ್ಟ. ಕೆಲವು ಅಂಶಗಳನ್ನು ನೋಡಿ.

ಬ್ರೇಕ್: ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳಿಗಿಂತ ಮೊದಲು ಲಾಕ್ ಆಗಬಾರದು. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಆಗ ಅವು ಮೊದಲು ಲಾಕ್ ಆದರೆ ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿ ಗಿರಕಿ ಹೊಡೆಯುತ್ತದೆ. ಬೇರೆ ಬೇರೆ ಗಾಡಿಗಳಿಂದ ಬ್ರೇಕ್ ತಂದು ಜೋಡಿಸಿದ ಕಾರಿನಲ್ಲಿ ಈ ಹೊಂದಾಣಿಕೆ ತಪ್ಪುವುದು ಸುಲಭ. ನಿಧಾನವಾಗಿ ಓಡಿಸುವಾಗ ಈ ದೋಷ ಗೊತ್ತೇ ಆಗುವುದಿಲ್ಲ.

ಸ್ಟೀರಿಂಗ್: ತಿರುವಿನ ನಂತರ ಕೈ ಸಡಿಲಿಸಿದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಬೇಕು. ಮುಂದಿನ ಚಕ್ರಗಳ ಕೋನ ಸರಿ ಇದ್ದರೆ ಮಾತ್ರ ಇದು ಸಾಧ್ಯ.

ಚೂಪಾದ ಅಂಚುಗಳು: ಕಾರಿನ ಹೊರಮೈಯಲ್ಲಿ ಜನರಿಗೆ ತಾಗಬಹುದಾದ ಗಟ್ಟಿ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು. ಅಕಸ್ಮಾತ್ ಯಾರಿಗಾದರೂ ಕಾರು ಬಡಿದರೆ ಅಂಚು ಚಾಕುವಿನಂತೆ ಕೊಯ್ಯಬಾರದು ಎಂಬುದು ಉದ್ದೇಶ.

ಸೀಟ್ ಬೆಲ್ಟ್: ಬೆಲ್ಟ್ ಇದ್ದರೆ ಸಾಲದು, ಅದನ್ನು ಬಿಗಿದ ಜಾಗವೂ ಗಟ್ಟಿ ಇರಬೇಕು. ಒಂದು ಸಣ್ಣ ಲೆಕ್ಕ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ 70 ಕಿಲೋ ತೂಕದ ವ್ಯಕ್ತಿ, ಡಿಕ್ಕಿಯಾದಾಗ 60 ಸೆಂಟಿಮೀಟರ್ ಅಂತರದಲ್ಲಿ ನಿಂತರೆ, ಬೆಲ್ಟಿನ ಮೇಲೆ ಸರಾಸರಿ 1,100 ಕಿಲೋಗೂ ಹೆಚ್ಚು ಭಾರ ನೇತುಹಾಕಿದಷ್ಟು ಬಲ ಬೀಳುತ್ತದೆ. ತೆಳು ತಗಡಿಗೆ ಬಿಗಿದ ಬೋಲ್ಟ್ ಇದನ್ನು ತಾಳುವುದಿಲ್ಲ.

ಇವುಗಳ ಜೊತೆ ಹೊಗೆ, ಸದ್ದು, ದೀಪ, ಕನ್ನಡಿ ಎಲ್ಲವನ್ನೂ ಅಳೆಯುತ್ತಾರೆ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಫಾರ್ವರ್ಡ್ ಆಗುವ ವಿಡಿಯೋಗಳಲ್ಲಿ ಈ ಭಾಗ ಕಾಣಿಸುವುದು ಅಪರೂಪ.

ಭಾರತದಲ್ಲಿ ಯಾಕೆ ಸಾಧ್ಯವಿಲ್ಲ?

ನಮ್ಮಲ್ಲಿ ಪರೀಕ್ಷೆ ನಡೆಯುವುದು ಮಾದರಿಗೆ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ತಯಾರಕರು ಹೊಸ ವಾಹನದ ಮೂಲಮಾದರಿಯನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬೇಕು. ಅದು ಪಾಸಾದರೆ ಅದೇ ಮಾದರಿಯ ಸಾವಿರಾರು ಕಾರುಗಳನ್ನು ಮಾರಬಹುದು. ಪ್ರತಿ ಕಾರಿನ ಜೊತೆ ಫಾರ್ಮ್ 22 ಎಂಬ ಪ್ರಮಾಣಪತ್ರ ಬರುತ್ತದೆ. ಈ ಕಾರು ರಸ್ತೆಗೆ ಯೋಗ್ಯ, ಮಾಲಿನ್ಯದ ಮಿತಿಯೊಳಗಿದೆ ಎಂದು ತಯಾರಕರು ಕೊಡುವ ಮಾತು ಅದು. ಆರ್‌ಟಿಒ ನಂಬರ್ ಕೊಡುವುದು ಈ ದಾಖಲೆಗಳ ಆಧಾರದ ಮೇಲೆ.

ಮನೆಯಲ್ಲಿ ಕಟ್ಟಿದ ಕಾರಿಗೆ ಈ ಮಾತು ಕೊಡುವವರು ಯಾರು? ಬಿಎಸ್‌-6 ಮಾಲಿನ್ಯ ಪರೀಕ್ಷೆ, ಡಿಕ್ಕಿ ಪರೀಕ್ಷೆ ಇವೆಲ್ಲವನ್ನೂ ಒಂದೇ ಕಾರಿಗಾಗಿ ಮಾಡಿಸುವುದು ವ್ಯಕ್ತಿಯೊಬ್ಬರ ಕೈಗೆ ಎಟುಕುವ ಮಾತಲ್ಲ. ಡಿಕ್ಕಿ ಪರೀಕ್ಷೆ ಮಾಡಿಸಿದರೆ ಪರೀಕ್ಷೆ ಮುಗಿದ ಮೇಲೆ ಆ ಕಾರೇ ಉಳಿಯುವುದಿಲ್ಲ! ಆರ್‌ಟಿಒ ಅಧಿಕಾರಿ ಎಷ್ಟೇ ಒಳ್ಳೆಯವರಾದರೂ ಇಲ್ಲದ ದಾಖಲೆಯ ಮೇಲೆ ನಂಬರ್ ಕೊಡಲಾರರು.

ಸಾಮಾನ್ಯವಾಗಿ ಕೇಳಿಬರುವ ಮಾತುಗಳು

‘ಹಳೆಯ ಕಾರಿನ ಆರ್‌ಸಿ ಇದೆಯಲ್ಲ, ಅದರ ಮೇಲೆ ಹೊಸ ಬಾಡಿ ಕೂರಿಸಿದರಾಯಿತು.’
ತಪ್ಪು. ಆರ್‌ಸಿಯಲ್ಲಿ ಇರುವ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಜನವರಿ 2019ರಲ್ಲಿ ಇದನ್ನೇ ಎತ್ತಿಹಿಡಿದಿದೆ. ಅನುಮೋದಿತ ಸಿಎನ್‌ಜಿ ಕಿಟ್, ಅನುಮೋದಿತ ಎಲೆಕ್ಟ್ರಿಕ್ ಕಿಟ್, ಅಂಗವಿಕಲರಿಗಾಗಿ ಮಾಡುವ ಮಾರ್ಪಾಡುಗಳಿಗೆ ಅವಕಾಶವಿದೆ. ಅದನ್ನೂ ನಿಯಮದಂತೆ ಆರ್‌ಸಿಯಲ್ಲಿ ದಾಖಲಿಸಬೇಕು.

‘ಎಲೆಕ್ಟ್ರಿಕ್ ಗಾಡಿಗೆ ನೋಂದಣಿಯೇ ಬೇಡ.’
ಅರ್ಧ ಸತ್ಯ. ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ವೇಗದ, 250 ವಾಟ್‌ಗಿಂತ ಕಡಿಮೆ ಶಕ್ತಿಯ ದ್ವಿಚಕ್ರ ವಾಹನಗಳಿಗೆ ಮಾತ್ರ ಈ ವಿನಾಯಿತಿ. ಅವುಗಳ ಮಾದರಿಗೂ ಅಧಿಕೃತ ಸಂಸ್ಥೆಯ ಅನುಮೋದನೆ ಬೇಕು. ಮನೆಯಲ್ಲಿ ಕಟ್ಟಿದ ನಾಲ್ಕು ಚಕ್ರದ ಗಾಡಿಗೆ ಇದು ಅನ್ವಯಿಸುವುದಿಲ್ಲ.

‘ಆನಂದ್ ಮಹೀಂದ್ರಾ ಅವರೇ ಮೆಚ್ಚಿದ್ದಾರೆ, ಅಂದರೆ ಕಾನೂನುಬದ್ಧ.’
ಇಲ್ಲ. ಡಿಸೆಂಬರ್ 2021ರಲ್ಲಿ ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ವ್ಯಕ್ತಿಯೊಬ್ಬರು ಸುಮಾರು 60,000 ರೂಪಾಯಿಯಲ್ಲಿ ಕಿಕ್ ಹೊಡೆದು ಸ್ಟಾರ್ಟ್ ಮಾಡುವ ಪುಟ್ಟ ಜೀಪು ಕಟ್ಟಿದ ವಿಡಿಯೋ ಎಲ್ಲೆಡೆ ಹರಿದಾಡಿತ್ತು. ಮಹೀಂದ್ರಾ ಅವರು ಅದನ್ನು ಮೆಚ್ಚಿದ್ದು ನಿಜ. ಆದರೆ ಇದು ನಿಯಮಗಳಿಗೆ ಹೊಂದುವುದಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆ, ಬದಲಿಗೆ ಒಂದು ಬೊಲೆರೊ ಕೊಡುತ್ತೇನೆ ಎಂದೂ ಅವರು ಅಲ್ಲೇ ಬರೆದಿದ್ದರು. ಜನವರಿ 2022ರಲ್ಲಿ ಬೊಲೆರೊ ಕೊಟ್ಟರು. ಮೆಚ್ಚುಗೆಯ ಸಾಲು ಮಾತ್ರ ಫಾರ್ವರ್ಡ್ ಆದಾಗ ಕಥೆಯ ಅರ್ಥವೇ ಬದಲಾಗುತ್ತದೆ.

ಓಡಿಸಿಯೇ ಬಿಟ್ಟರೆ?

ನೋಂದಣಿ ಇಲ್ಲದ ವಾಹನ ಓಡಿಸಿದರೆ ಕಾಯ್ದೆಯ 192ನೇ ಕಲಂ ಪ್ರಕಾರ ಮೊದಲ ಬಾರಿ 5,000 ರೂಪಾಯಿವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ 10,000 ರೂಪಾಯಿವರೆಗೆ ದಂಡ ಅಥವಾ 1 ವರ್ಷದವರೆಗೆ ಜೈಲು ಅಥವಾ ಎರಡೂ. ವಾಹನವನ್ನು ವಶಪಡಿಸಿಕೊಳ್ಳಬಹುದು. ಅನುಮತಿ ಇಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯಲ್ಲಿ ಬಂದ ಪ್ರತ್ಯೇಕ ಶಿಕ್ಷೆ ಇದೆ: 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ.

ಇದಕ್ಕಿಂತ ದೊಡ್ಡ ಅಪಾಯ ವಿಮೆಯದು. ಥರ್ಡ್ ಪಾರ್ಟಿ ವಿಮೆ ಇಲ್ಲದೆ ಯಾವ ಮೋಟಾರು ವಾಹನವೂ ಸಾರ್ವಜನಿಕ ರಸ್ತೆಯಲ್ಲಿ ಓಡುವಂತಿಲ್ಲ. ನೋಂದಣಿಯೇ ಆಗದ, ಮಾದರಿಯ ಹೆಸರೇ ಇಲ್ಲದ ಕಾರಿಗೆ ವಿಮೆ ಎಲ್ಲಿಂದ ಬರಬೇಕು? ಅಂಥ ಕಾರು ಯಾರಿಗಾದರೂ ಡಿಕ್ಕಿ ಹೊಡೆದು ಜೀವ ಹೋದರೆ, ನ್ಯಾಯಮಂಡಳಿ ನಿಗದಿ ಮಾಡುವ ಪರಿಹಾರವನ್ನು ಮಾಲೀಕರೇ ಕೈಯಿಂದ ಕಟ್ಟಬೇಕು. ಅದು ಲಕ್ಷಗಟ್ಟಲೆ ಆಗಬಹುದು. ಮಾಲೀಕರ ಬಳಿ ಹಣವಿಲ್ಲದಿದ್ದರೆ, ತಪ್ಪೇ ಮಾಡದ ಆ ಕುಟುಂಬಕ್ಕೆ ಪರಿಹಾರ ಸಿಗುವುದು ಕಷ್ಟ. ವಿಡಿಯೋ ಶೇರ್ ಮಾಡುವಾಗ ನಾವು ಕಾರು ಕಟ್ಟಿದವರ ಬಗ್ಗೆ ಮಾತ್ರ ಯೋಚಿಸುತ್ತೇವೆ. ಅದೇ ರಸ್ತೆಯಲ್ಲಿ ನಡೆದು ಹೋಗುವವರೂ ಇದ್ದಾರೆ.

ಕಾರು ಕಟ್ಟುವ ಆಸೆ ಇದ್ದರೆ?

ಕಟ್ಟುವುದೇ ಅಪರಾಧ ಅಲ್ಲ. ಸಾರ್ವಜನಿಕ ಜಾಗದಲ್ಲಿ ಓಡಿಸುವುದಕ್ಕೆ ನೋಂದಣಿ ಬೇಕು. ಜನರಿಗೆ ಪ್ರವೇಶವಿಲ್ಲದ ಸ್ವಂತ ಜಮೀನಿನಲ್ಲಿ, ರೇಸ್ ಟ್ರ್ಯಾಕ್‌ನಲ್ಲಿ ಪ್ರಯೋಗ ಮಾಡಬಹುದು. ಅಲ್ಲಿಗೂ ಕಾರನ್ನು ಬೇರೆ ವಾಹನದ ಮೇಲೆ ಹೇರಿಕೊಂಡು ಹೋಗಬೇಕು.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಾಹಾ ಎಸ್‌ಎಇ ಇಂಡಿಯಾ, ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಗಳಿವೆ. ತಂಡಗಳೇ ಕಾರು ವಿನ್ಯಾಸ ಮಾಡಿ, ಕಟ್ಟಿ, ಟ್ರ್ಯಾಕ್‌ನಲ್ಲಿ ಓಡಿಸುತ್ತವೆ. ಕರ್ನಾಟಕದ ಕಾಲೇಜುಗಳ ತಂಡಗಳೂ ಭಾಗವಹಿಸುತ್ತವೆ. ಅಲ್ಲೂ ತಾಂತ್ರಿಕ ತಪಾಸಣೆ, ಬ್ರೇಕ್ ಪರೀಕ್ಷೆ ಪಾಸಾಗದೆ ಟ್ರ್ಯಾಕ್‌ಗೆ ಇಳಿಸುವುದಿಲ್ಲ.

ಇನ್ನೊಂದು ವಿಷಯ. 2019ರ ತಿದ್ದುಪಡಿಯಲ್ಲಿ ಕಾಯ್ದೆಗೆ ‘2ಬಿ’ ಎಂಬ ಕಲಂ ಸೇರಿದೆ. ಹೊಸ ಆವಿಷ್ಕಾರಗಳನ್ನು ಪ್ರೋತ್ಸಾಹಿಸಲು ಕೆಲವು ಬಗೆಯ ವಾಹನಗಳಿಗೆ ಕಾಯ್ದೆಯಿಂದ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಇದು ಮನೆಯಲ್ಲಿ ಕಾರು ಕಟ್ಟುವವರಿಗೆ ಕೊಟ್ಟ ಪರವಾನಗಿ ಅಲ್ಲ. ಆದರೆ ಪ್ರತಿಭೆಗೆ ದಾರಿ ಬೇಕು ಎನ್ನುವವರು ಕೇಳಬಹುದಾದ ಸರಿಯಾದ ಬೇಡಿಕೆ ಇಲ್ಲೇ ಇದೆ. ‘ಇವರ ಕಾರಿಗೆ ನಂಬರ್ ಕೊಡಿ’ ಎಂದು ಕೇಳುವ ಬದಲು, ‘ಇಂಥ ಕಾರುಗಳನ್ನು ಒಂದೊಂದಾಗಿ ಪರೀಕ್ಷಿಸುವ ವ್ಯವಸ್ಥೆ ಮಾಡಿ’ ಎಂದು ಕೇಳಬೇಕು. ಬ್ರಿಟನ್ ಮಾಡಿರುವುದು ಅದನ್ನೇ.

ಫಾರ್ವರ್ಡ್ ಮಾಡುವ ಮುನ್ನ

ನಂಬರ್ ಪ್ಲೇಟ್ ಪ್ರತಿಭೆಗೆ ಕೊಡುವ ಪದಕ ಅಲ್ಲ. ಈ ಗಾಡಿಯನ್ನು ಯಾರೋ ಪರೀಕ್ಷಿಸಿದ್ದಾರೆ, ಅಪಘಾತವಾದರೆ ಹೊಣೆ ಹೊರುವವರಿದ್ದಾರೆ ಎಂದು ರಸ್ತೆಯಲ್ಲಿರುವ ಅಪರಿಚಿತರಿಗೆ ಕೊಡುವ ಭರವಸೆ. ಮುಂದಿನ ಬಾರಿ ಇಂಥ ವಿಡಿಯೋ ಬಂದರೆ ಕಟ್ಟಿದವರನ್ನು ಖಂಡಿತ ಮೆಚ್ಚಿ. ಆದರೆ ‘ನೀವೂ ಕಟ್ಟಿ, ನಂಬರ್ ಸಿಗುತ್ತದೆ’ ಎಂಬ ಸಾಲನ್ನು ಅಳಿಸಿ ಕಳುಹಿಸಿ. ನಿಮ್ಮ ಬಳಗದಲ್ಲಿ ಯಾರಾದರೂ ಈಗಾಗಲೇ ಗುಜರಿ ಅಂಗಡಿಯಲ್ಲಿ ಎಂಜಿನ್‌ಗೆ ಚೌಕಾಸಿ ಮಾಡುತ್ತಿದ್ದರೆ, ಅವರಿಗೆ ಈ ಲೇಖನವನ್ನೂ ಕಳುಹಿಸಿ.