ಸಾಕ್ಷಿಯ ಧರ್ಮ

ಸಾಕ್ಷಾತ್ತಾಗಿ ಕಂಡವನೇ ಸಾಕ್ಷಿಯೆಂದು ವೈಯಾಕರಣರ ಮತ. ಕ್ರೈಸ್ತಸಭೆಗಳಲ್ಲಿ ಭಕ್ತರು ಎದ್ದುನಿಂತು ತಮ್ಮ ಅನುಭವವನ್ನು ಹೇಳುವುದಕ್ಕೂ ಸಾಕ್ಷಿಯೆಂದೇ ಹೆಸರು. ಇದರ ಬೆಲೆಯನ್ನರಿಯಲು ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ನೋಡಬೇಕು. 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿ, ತಾಯಿಯಿಂದ ಸಂಸ್ಕೃತವನ್ನು ಕಲಿತು, ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಅವರು 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಆದರೆ ಆಗ ತಮಗೆ ಕ್ರೈಸ್ತಮತವು ದೊರೆತಿತ್ತೇ ಹೊರತು ಕ್ರಿಸ್ತನು ದೊರೆತಿರಲಿಲ್ಲವೆಂದೂ, ಮನಶ್ಶಾಂತಿಯು ಲಭಿಸಿದುದು ಹಲವು ವರ್ಷಗಳ ಮೇಲೆಯೇ ಎಂದೂ 1907ರಲ್ಲಿ ಪ್ರಕಟವಾದ ತಮ್ಮ ಸಾಕ್ಷಿಯಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಲೋಕವಿಖ್ಯಾತರಾದ ವಿದುಷಿಗೆ ಇಂತಹ ಮಾತು ಸುಲಭವಲ್ಲ. ವಾದವು ಪ್ರತಿವಾದವನ್ನು ಹುಟ್ಟಿಸುತ್ತದೆ. ತಮ್ಮ ಕೊರತೆಯನ್ನು ತಾವೇ ಹೇಳಿಕೊಂಡವರ ಮಾತಾದರೋ, ಅದೇ ಕೊರತೆಯಿಂದ ಒಳಗೊಳಗೇ ಬೇಯುವವರಿಗೆ ಧೈರ್ಯವನ್ನು ಕೊಡುತ್ತದೆ. ಕಂಡಷ್ಟನ್ನೇ ಹೇಳುವುದು ಸಾಕ್ಷಿಯ ಧರ್ಮ; ಕಾಣದುದನ್ನು ಸೇರಿಸಿದೊಡನೆ ಅದು ಸುಳ್ಳುಸಾಕ್ಷಿ.