ಗಾರೋ ಬೆಟ್ಟಗಳ ಕಾಡುಮನುಷ್ಯ

ಮನುಷ್ಯನನ್ನು ಹೋಲುವ ದೈತ್ಯಾಕಾರದ ವಾನರನ ಕಥೆಗಳು ಜಗತ್ತಿನ ಅನೇಕ ಭಾಗಗಳಲ್ಲಿ ಪ್ರಚಲಿತವಾಗಿವೆ. ಹಿಮಾಲಯದ ಯೇತಿಯ ಹೆಸರನ್ನು ಕೇಳದವರು ವಿರಳ. ನಮ್ಮ ದೇಶದ ಈಶಾನ್ಯ ಭಾಗದ ಮೇಘಾಲಯದಲ್ಲಿಯೂ ಅಂತಹುದೇ ಒಂದು ಪ್ರಾಣಿಯ ಮಾತು ತಲೆಮಾರುಗಳಿಂದ ನಡೆದುಬಂದಿದೆ. ಅಲ್ಲಿಯ ಗಾರೋ ಜನರು ಅದನ್ನು ‘ಮಾಂಡೆ ಬರುಂಗ್’ ಎಂದು ಕರೆಯುತ್ತಾರೆ. ಮಾಂಡೆ ಎಂದರೆ ಮನುಷ್ಯ, ಬರುಂಗ್ ಎಂದರೆ ಕಾಡು. ನಾವು ಕಾಡುಮನುಷ್ಯ ಎನ್ನಬಹುದು.

ಗಾರೋ ಬೆಟ್ಟಗಳು ಬಾಂಗ್ಲಾದೇಶದ ಗಡಿಗೆ ಹೊಂದಿಕೊಂಡಿವೆ. ದಟ್ಟವಾದ ಕಾಡು, ಆಳವಾದ ಕಮರಿ, ಬಿಡದೆ ಸುರಿಯುವ ಮಳೆ ಇವು ಆ ನೆಲದ ಲಕ್ಷಣಗಳು. ಅಲ್ಲಿಯ ಬಲ್ಪಾಕ್ರಂ ಪ್ರದೇಶವನ್ನು ಮೃತರ ಆತ್ಮಗಳು ತಂಗುವ ತಾಣವೆಂದು ಗಾರೋ ಹಿರಿಯರು ಭಾವಿಸುತ್ತ ಬಂದಿದ್ದಾರೆ. ಕಾಡುಮನುಷ್ಯನನ್ನು ಕಂಡೆವೆನ್ನುವವರ ವರ್ಣನೆಗಳು ಬಹುಮಟ್ಟಿಗೆ ಒಂದೇ ಬಗೆಯವು: ಸುಮಾರು 10 ಅಡಿ ಎತ್ತರ, ಮೈತುಂಬ ಕಪ್ಪುಬೂದು ಕೂದಲು, ಎರಡು ಕಾಲಿನ ನಡಿಗೆ, ಹಣ್ಣು ಮತ್ತು ಬೇರುಗಳ ಆಹಾರ. 2002ರಲ್ಲಿ ಬಲ್ಪಾಕ್ರಂ ರಾಷ್ಟ್ರೀಯ ಉದ್ಯಾನದಲ್ಲಿ ಹುಲಿಗಣತಿಗೆ ಹೋದ ಅರಣ್ಯ ಸಿಬ್ಬಂದಿಯೂ ಅದರದೆಂದು ತೋರಿದ ಹೆಜ್ಜೆಗುರುತುಗಳನ್ನು ಕಂಡುದಾಗಿ ವರದಿಯಾಯಿತು.

ಮಾತು ಮಾತಾಗಿಯೇ ಉಳಿಯದೆ ಪರೀಕ್ಷೆಗೆ ಒಳಪಟ್ಟುದು 2008ರಲ್ಲಿ. ಆ ಕಾಡಿನಲ್ಲಿ ದೊರೆತ ಕೆಲವು ಕೂದಲುಗಳು ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರವನ್ನು ತಲುಪಿದವು. ಸೂಕ್ಷ್ಮದರ್ಶಕದಲ್ಲಿ ನೋಡಿದ ತಜ್ಞರು ಅವು ಯಾವ ಪ್ರಾಣಿಯವೆಂದು ಮೊದಲು ಖಚಿತವಾಗಿ ಹೇಳಲಾರದೆ ಹೋದರು. ಕುತೂಹಲ ಇನ್ನಷ್ಟು ಹೆಚ್ಚಿತು. ಬಳಿಕ ಅದೇ ವರ್ಷ ನಡೆದ ಡಿ.ಎನ್.ಎ. ಪರೀಕ್ಷೆಯಿಂದ ಅವು ಗೋರಲ್ ಎಂಬ ಪ್ರಾಣಿಯ ಕೂದಲುಗಳೆಂದು ತಿಳಿದುಬಂತು. ಗೋರಲ್ ಎಂದರೆ ಕಡಿದಾದ ಬೆಟ್ಟದ ಇಳಿಜಾರುಗಳಲ್ಲಿ ಮೇಯುವ, ಆಡನ್ನು ಹೋಲುವ ಕಾಡುಪ್ರಾಣಿ.

ಹಾಗಾದರೆ ಕಂಡೆವೆಂದವರೆಲ್ಲ ಸುಳ್ಳು ನುಡಿದರೇ? ಹಾಗೆ ತೀರ್ಮಾನಿಸುವುದು ಅನ್ಯಾಯ. ಕರಡಿಯು ಆಗಾಗ ಹಿಂಗಾಲುಗಳ ಮೇಲೆ ಎದ್ದು ನಿಲ್ಲುತ್ತದೆ. ನಡೆಯುವಾಗ ಅದರ ಮುಂಗಾಲಿನ ಗುರುತಿನ ಮೇಲೆ ಹಿಂಗಾಲು ಬಿದ್ದರೆ ಒಂದೇ ನೀಳವಾದ ಹೆಜ್ಜೆ ಮೂಡಿದಂತೆ ತೋರುತ್ತದೆ. ಮುಸ್ಸಂಜೆಯ ಮಬ್ಬಿನಲ್ಲಿ, ಮರಗಳ ನಡುವೆ ಕ್ಷಣಕಾಲ ಕಂಡುದಕ್ಕೆ ಮನಸ್ಸು ತಾನು ಬಾಲ್ಯದಿಂದ ಕೇಳಿದ ಹೆಸರನ್ನೇ ಇಡುತ್ತದೆ. ಯೇತಿಯ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಯೇತಿಯದೆಂದು ಹೇಳಲಾದ ಎಲುಬು, ಚರ್ಮ, ಕೂದಲು ಮುಂತಾದ 9 ಮಾದರಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವುಗಳಲ್ಲಿ 8 ಕರಡಿಗಳವು, ಒಂದು ನಾಯಿಯದು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಬೇರೊಂದಿದೆ. ಗಾರೋ ಬೆಟ್ಟಗಳಲ್ಲಿ ನಿಜವಾದ ವಾನರವೊಂದು ನೆಲೆಸಿದೆ. ಅದೇ ಹೂಲಾಕ್ ಗಿಬ್ಬನ್. ಗಾರೋ ಭಾಷೆಯಲ್ಲಿ ಅದು ‘ಹೂರೊ’. ನಮ್ಮ ಸಹ್ಯಾದ್ರಿಯ ಸಿಂಗಳೀಕವಾಗಲಿ ಮುಸುವವಾಗಲಿ ಬಾಲವುಳ್ಳ ಕೋತಿಗಳು. ಬಾಲವಿಲ್ಲದ, ಗೊರಿಲ್ಲ ಚಿಂಪಾಂಜಿಗಳ ಬಳಗಕ್ಕೆ ಸೇರಿದ ವಾನರವು ಭಾರತದ ಕಾಡುಗಳಲ್ಲಿ ಇದೊಂದೇ. ತೂಕ ಸುಮಾರು 6ರಿಂದ 9 ಕಿಲೋ ಮಾತ್ರ. ಗಂಡು ಕಪ್ಪು, ಹುಬ್ಬು ಬಿಳಿ, ಹೆಣ್ಣು ಕಂದು. ಗಂಡು ಹೆಣ್ಣು ಜೊತೆಯಾಗಿ ಮರಿಗಳೊಡನೆ ಸಂಸಾರವಾಗಿ ಬಾಳುತ್ತವೆ. ಬೆಳಗಿನ ಹೊತ್ತು ಅವೆರಡೂ ಸೇರಿ ಕೂಗುವ ಕೂಗು ಬಹುದೂರ ಕೇಳಿಸುತ್ತದೆ.

ಈ ಪ್ರಾಣಿ ನೆಲಕ್ಕೆ ಇಳಿಯುವುದು ತೀರ ಅಪರೂಪ. ಕೊಂಬೆಯಿಂದ ಕೊಂಬೆಗೆ ತೋಳುಗಳಿಂದ ಜೀಕುತ್ತಲೇ ಅದರ ಬದುಕು ಸಾಗುತ್ತದೆ. ನಡುವೆ ಮರಗಳನ್ನು ಕಡಿದರೆ ಅದರ ಪಾಲಿಗೆ ದಾರಿಯೇ ಕಡಿದಂತೆ. ಕುಮರಿ ಬೇಸಾಯದ ಆವರ್ತ ಚಿಕ್ಕದಾಗುತ್ತಿರುವುದು, ತೋಟಗಳ ವಿಸ್ತರಣೆ, ಗಣಿಗಾರಿಕೆ ಮತ್ತು ಬೇಟೆ ಇವುಗಳಿಂದ ಅದರ ನೆಲೆ ತುಂಡುತುಂಡಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದಕ್ಕೆ ಅತ್ಯುನ್ನತ ರಕ್ಷಣೆಯನ್ನು ನೀಡಿದೆ. ಆದರೂ ಗಾರೋ ಬೆಟ್ಟಗಳ ಕಾಡಿನ ಬಹುಭಾಗ ಅಲ್ಲಿಯ ಕುಲಗಳಿಗೆ ಸೇರಿದ್ದರಿಂದ, ಜನರ ಮನಸ್ಸೇ ಅದಕ್ಕೆ ನಿಜವಾದ ಕಾವಲು. ನೋಕ್ರೆಕ್ ಬಳಿಯ ಸಸತ್‌ಗ್ರೆ ಗ್ರಾಮದವರು ತಮ್ಮ ಕಾಡಿನ ಒಂದು ಭಾಗವನ್ನು ಈ ವಾನರಗಳಿಗಾಗಿ ಮೀಸಲಿಟ್ಟಿರುವುದು ಅನುಕರಣೀಯವಾದ ಕಾರ್ಯ.

ಮಾಂಡೆ ಬರುಂಗ್ ಇದೆಯೋ ಇಲ್ಲವೋ ಎಂಬ ಚರ್ಚೆ ಮುಂದೆಯೂ ನಡೆದೀತು. ಮಕ್ಕಳಿಗೆ ಆ ಕಥೆಯನ್ನು ಹೇಳುವುದರಲ್ಲಿ ದೋಷವೇನೂ ಇಲ್ಲ. ಅದರ ಜೊತೆಗೆ ಕೂದಲನ್ನು ಪರೀಕ್ಷಿಸಿದ ಕಥೆಯನ್ನೂ ಹೇಳೋಣ. ಹೂರೊವಿನ ಕಥೆಯನ್ನಂತೂ ತಪ್ಪದೆ ಹೇಳೋಣ. ಕಾಣದ ದೈತ್ಯನನ್ನು ಹುಡುಕುವ ಉತ್ಸಾಹದಲ್ಲಿ, ಕಣ್ಣೆದುರಿಗೇ ಇರುವ ಈ ಪುಟ್ಟ ಸಂಸಾರಗಳು ಕಣ್ಮರೆಯಾಗಬಾರದು.